ಬಸುರಿ ಇರುವ ಮನೆಗೆ ಬೆಂಟೊನೈಟ್ ಬೆಕ್ಕಿನ ಮರಳು ಹೇಗೆ?

ಬೆಕ್ಕಿನ ಮಲದಲ್ಲಿ ಬರುವ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ; ಅದು ಸೋಂಕು ತಗಲಿಸುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ಆದ್ದರಿಂದ ಬೆಕ್ಕಿನ ಮಲಮೂತ್ರದ ಟ್ರೇಯಿಂದ ಗಲೀಜನ್ನು ದಿನವೂ ಎತ್ತಿ ಹಾಕಲು ಸುಲಭವಾದ ಮರಳೇ ಬಸುರಿ ಮನೆಗೆ ಸರಿ. ಬೆಂಟೊನೈಟ್ ಎಂಬ ನೀರು ಹೀರುವ ಜೇಡಿಮಣ್ಣು ಅದಕ್ಕೆ ಚೆನ್ನಾಗಿ ಒಗ್ಗುತ್ತದೆ. ಮೂತ್ರ ಬಿದ್ದಲ್ಲಿ ಗಟ್ಟಿ ಉಂಡೆ ಕಟ್ಟುತ್ತದೆ, ಜಾಲರಿ ಸೌಟಿನಲ್ಲಿ ಇಡಿಯಾಗಿ ಎದ್ದು ಬರುತ್ತದೆ. ಟ್ರೇಯಲ್ಲಿ 2–3 ಇಂಚು ಮರಳು ಇರಲೇಬೇಕು. ಕಡಿಮೆಯಾದರೆ ಉಂಡೆ ತಳಕ್ಕೆ ಅಂಟಿ ಒಡೆಯುತ್ತದೆ, ಚೂರುಗಳು ಉಳಿದು ನಾರುತ್ತವೆ.

ದೊಡ್ಡ ಕುಂದು ದೂಳು. ಚೀಲದ ಬಾಯನ್ನು ಟ್ರೇಗೆ ತಾಗಿಸಿ ನಿಧಾನವಾಗಿ ಸುರಿಯಿರಿ. ಸುವಾಸನೆಯದ್ದು ಬೇಡ, ಎಷ್ಟೋ ಬೆಕ್ಕುಗಳು ಅದರತ್ತ ಸುಳಿಯುವುದೇ ಇಲ್ಲ. ಕಮೋಡಿಗಂತೂ ಹಾಕಲೇಬೇಡಿ, ಪೈಪು ಕಟ್ಟಿಕೊಳ್ಳುತ್ತದೆ.

ಈ ಕೆಲಸ ಬಸುರಿಯದಲ್ಲ, ಮನೆಯ ಬೇರೆಯವರದು. ಬೇರೆ ಯಾರೂ ಇಲ್ಲವೆಂದರೆ ಗ್ಲೌಸು ಹಾಕಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಬೇಕು. ಟ್ರೇಗೆ ಫಿನಾಯಿಲ್ ನಂಬಬೇಡಿ, ಕುದಿಯುವ ನೀರು ಹೊಯ್ಯಿರಿ.

ಮಗು ಅಂಬೆಗಾಲಿಡುವ ಹೊತ್ತಿಗೆ ಮಾತ್ರ ಯೋಚಿಸಬೇಕು: ಪಂಜಕ್ಕಂಟಿದ ಕಾಳುಗಳು ಹಾಲ್‌ವರೆಗೂ ಬರುತ್ತವೆ, ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ಹೆರಿಗೆಗೆ ಮೊದಲೇ ಟ್ರೇಯನ್ನು ದಿನಕ್ಕೆ ಒಂದೆರಡು ಅಡಿಯಂತೆ ಯುಟಿಲಿಟಿ ಕಡೆಗೆ ಸರಿಸಿ, ಮುಂದೆ ಒರಟು ಮ್ಯಾಟ್ ಹಾಕಿ.