ದುಬಾರಿ ಐಶ್ಯಾಡೋ ಪ್ಯಾಲೆಟ್: ಮಿನುಗಿಗಲ್ಲ, ಕಂದು ಬಣ್ಣಕ್ಕೆ ದುಡ್ಡು ಕೊಡಿ

ಚಾರ್ಲೊಟ್ ಟಿಲ್ಬರಿ ಕಂಪನಿಯ, ಕಣ್ಣಿನ ರೆಪ್ಪೆಗೆ ಹಚ್ಚುವ ನಾಲ್ಕು ಬಣ್ಣಗಳ ಲಕ್ಷುರಿ ಪ್ಯಾಲೆಟ್‌ನಲ್ಲಿರುವ ಪುಡಿಯ ಒಟ್ಟು ತೂಕ 5.2 ಗ್ರಾಂ; ಬೆಲೆ ಐದು ಸಾವಿರ ರೂಪಾಯಿಯ ಆಸುಪಾಸು. ಅಂದರೆ ಗ್ರಾಂ ಒಂದಕ್ಕೆ ಹೆಚ್ಚುಕಡಿಮೆ ಸಾವಿರ ರೂಪಾಯಿ, ಮುಂಬೈಯ ಝವೇರಿ ಬಜಾರಿನಲ್ಲಿ ಬೆಳ್ಳಿಗೆ ತೆರುವುದಕ್ಕಿಂತ ಹೆಚ್ಚು. ಶಾನೆಲ್‌ನ ‘ಲೆ ಕಾತ್ರ್ ಓಂಬ್ರ್’ ಡಬ್ಬಿಯಲ್ಲಂತೂ ನಾಲ್ಕು ಬಣ್ಣ ಸೇರಿ ಇರುವುದು 2 ಗ್ರಾಂ. ಇಷ್ಟು ದುಡ್ಡು ಹಾಕಿದರೆ ಅದು ಸಾರ್ಥಕವಾಗುತ್ತದೆಯೇ ಎಂದು ಮಾಟುಂಗಾದಿಂದ ಡೊಂಬಿವಿಲಿಯವರೆಗಿನ ನಮ್ಮ ಹೆಣ್ಣುಮಕ್ಕಳು ಮದುವೆಯ ಸೀಸನ್ ಹತ್ತಿರ ಬಂದಾಗಲೆಲ್ಲ ಕೇಳುತ್ತಾರೆ. ಕೆಲವು ಪ್ಯಾಲೆಟ್‌ಗಳಿಗೆ ಆ ಬೆಲೆ ಖಂಡಿತವಾಗಿ ಸಲ್ಲುತ್ತದೆ, ಹಲವಕ್ಕೆ ಸಲ್ಲುವುದಿಲ್ಲ; ಇವೆರಡನ್ನೂ ಬೇರ್ಪಡಿಸಲು ಡಬ್ಬಿಯಲ್ಲಿ ಕಣ್ಣು ಕುಕ್ಕುವ ಬಂಗಾರದ ಬಣ್ಣವನ್ನು ಬಿಟ್ಟು, ಮೂಲೆಯಲ್ಲಿ ಮಂಕಾಗಿ ಕುಳಿತಿರುವ ಮ್ಯಾಟ್ (ಹೊಳಪಿಲ್ಲದ) ಕಂದು ಬಣ್ಣವನ್ನು ಮೊದಲು ಪರೀಕ್ಷಿಸಬೇಕು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಕಾರಣವಿದೆ. ಮಿನುಗುವ ಬಣ್ಣವನ್ನು ತಯಾರಿಸುವುದು ಈಗ ದೊಡ್ಡ ವಿದ್ಯೆಯಾಗಿ ಉಳಿದಿಲ್ಲ. ಅಭ್ರಕದ ತೆಳುವಾದ ಪದರಗಳಿಗೆ ಟೈಟಾನಿಯಂ ಡೈಆಕ್ಸೈಡ್ ಅಥವಾ ಐರನ್ ಆಕ್ಸೈಡ್ ಲೇಪ ಕೊಟ್ಟರೆ ಬೆಳಕು ಬಿದ್ದ ಕಡೆ ಅದು ತಾನಾಗಿ ಹೊಳೆಯುತ್ತದೆ. ಮೇಲೆ ಸ್ವಲ್ಪ ಸಿಲಿಕೋನ್ ಎಣ್ಣೆ ಸೇರಿಸಿದರೆ ಬೆರಳಿಗೂ ರೆಪ್ಪೆಗೂ ನುಣುಪಾಗಿ ಹತ್ತಿಕೊಳ್ಳುತ್ತದೆ, ಹಚ್ಚುವಾಗ ಆದ ಏರುಪೇರುಗಳನ್ನು ಆ ಹೊಳಪೇ ಮುಚ್ಚಿಬಿಡುತ್ತದೆ. ಹಾಗಾಗಿಯೇ ಐನೂರು ರೂಪಾಯಿಯ ದೇಶೀ ಪ್ಯಾಲೆಟ್‌ನಲ್ಲೂ ಕಣ್ಸೆಳೆಯುವ ಕಂಚು, ತಾಮ್ರ, ಗುಲಾಬಿ ಬಂಗಾರದ ಬಣ್ಣಗಳು ಸಿಗುತ್ತವೆ. ಮ್ಯಾಟ್ ಬಣ್ಣಕ್ಕೆ ಆ ಹೊಳಪಿನ ಆಸರೆ ಇಲ್ಲ. ವರ್ಣದ್ರವ್ಯವನ್ನು ಎಷ್ಟು ನುಣ್ಣಗೆ ಅರೆದಿದ್ದಾರೆ, ಅದನ್ನು ಹಿಡಿದಿಡುವ ಅಂಟನ್ನು ಯಾವ ಪ್ರಮಾಣದಲ್ಲಿ ಬೆರೆಸಿದ್ದಾರೆ, ಎಷ್ಟು ಗಟ್ಟಿಯಾಗಿ ಒತ್ತಿದ್ದಾರೆ ಎಂಬ ಎಲ್ಲ ಗುಟ್ಟೂ ಮ್ಯಾಟ್ ಬಣ್ಣವನ್ನು ಹರಡುವಾಗ ರಟ್ಟಾಗುತ್ತದೆ. ಖರ್ಚು ಉಳಿಸಲು ಬಿಳಿಯ ಪುಡಿಯನ್ನು ಧಾರಾಳವಾಗಿ ತುಂಬಿದ್ದರೆ, ಗೌರವರ್ಣದ ಚರ್ಮದ ಮೇಲೆ ಅದು ಗೊತ್ತಾಗದೇ ಹೋಗಬಹುದು; ಆದರೆ ನಮ್ಮಂಥ ಗೋಧಿಬಣ್ಣದ ಅಥವಾ ಕಪ್ಪು ಮೈಬಣ್ಣದವರ ರೆಪ್ಪೆಯ ಮೇಲೆ ಅದೇ ಕಂದು ಬೂದಿಯ ಛಾಯೆಗೆ ತಿರುಗುತ್ತದೆ. ದುಬಾರಿ ಪ್ಯಾಲೆಟ್‌ಗೆ ನಾವು ಹೆಚ್ಚು ತೆರುವುದೇ ಆಗಿದ್ದರೆ, ಈ ಬೂದಿಯಿಂದ ತಪ್ಪಿಸಿಕೊಳ್ಳುವುದಕ್ಕಾಗಿ ತೆರಬೇಕು.

ಪರೀಕ್ಷೆಗೆ ಮುಂಬೈಯಲ್ಲಿ ಜಾಗಗಳಿಗೆ ಕೊರತೆಯಿಲ್ಲ. ಲೋವರ್ ಪರೇಲ್‌ನ ಪಲ್ಲಾಡಿಯಂ ಮಾಲ್‌ನ ಸೆಫೋರಾ, 2023ರಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಜಿಯೋ ವರ್ಲ್ಡ್ ಡ್ರೈವ್‌ನಲ್ಲಿ ಬಾಗಿಲು ತೆರೆದ ಟೀರಾ ಮುಂತಾದ ಪ್ರಸಾಧನ ಮಳಿಗೆಗಳಲ್ಲಿ ಟೆಸ್ಟರ್‌ಗಳನ್ನು, ಅಂದರೆ ಪರೀಕ್ಷೆಗೆಂದೇ ತೆರೆದಿಟ್ಟ ಡಬ್ಬಿಗಳನ್ನು, ಮುಟ್ಟಿ ನೋಡಬಹುದು. ಆದರೆ ಕೌಂಟರಿನಲ್ಲಿ ನಿಂತ ಹುಡುಗಿ ಬೆರಳನ್ನು ಬಣ್ಣದ ಮೇಲೆ ಒತ್ತಿ, ನಿಮ್ಮ ಮುಂಗೈಯ ಒಳಮಗ್ಗುಲಿಗೆ ಒಂದು ದಪ್ಪ ಪಟ್ಟೆ ಎಳೆದು ತೋರಿಸಿದರೆ ಅದನ್ನು ನಂಬಬೇಡಿ. ಬೆರಳಿನ ಜಿಡ್ಡು ಎಂಥ ಪುಡಿಯನ್ನೂ ಚೆಂದ ಕಾಣಿಸುತ್ತದೆ. ಮೇಲಾಗಿ ಮುಂಗೈಯ ಒಳಭಾಗ ಮುಖಕ್ಕಿಂತ ತಿಳಿಯಾಗಿರುತ್ತದೆ. ಮನೆಯಿಂದ ನಿಮ್ಮದೇ ಸ್ವಚ್ಛವಾದ, ತುಪ್ಪುಳಿರುವ ಬ್ರಷ್ ಒಯ್ಯಿರಿ. ಕಂದು ಬಣ್ಣಕ್ಕೆ ಅದನ್ನು ಒಮ್ಮೆ ಮಾತ್ರ ಮುಟ್ಟಿಸಿ, ಮುಂಗೈಯ ಹೊರಮಗ್ಗುಲಿಗೆ ಇಟ್ಟು, ಕಣ್ಣಿನ ಮಡಿಕೆಯಲ್ಲಿ ಮಾಡುವ ಹಾಗೆಯೇ ಹಿಂದೆ ಮುಂದೆ ಹರಡಿ ನೋಡಿ. ಒಳ್ಳೆಯ ಮ್ಯಾಟ್ ಆಗಿದ್ದರೆ ಅಂಚು ಚರ್ಮದಲ್ಲಿ ಕರಗುತ್ತದೆ, ನಡುಭಾಗದಲ್ಲಿ ಬಣ್ಣ ನಿಲ್ಲುತ್ತದೆ. ಕಳಪೆಯದಾದರೆ ಉಜ್ಜಿದಂತೆಲ್ಲ ನಡುಭಾಗ ಬೋಳಾಗಿ, ಬಣ್ಣವೆಲ್ಲ ಅಂಚಿಗೆ ಸರಿದು ಉಂಗುರವಾಗುತ್ತದೆ. ಅದರ ಮೇಲೆಯೇ ಎರಡನೆಯ ಸಲ ಹಚ್ಚಿ: ಬಣ್ಣ ಗಾಢವಾಗಬೇಕೇ ಹೊರತು ಮೊದಲ ಪದರ ಕಿತ್ತು ಬರಬಾರದು. ಕಪ್ಪು ತೋಳಿನ ಕುರ್ತಾ ತೊಟ್ಟು ಹೋಗಿದ್ದರೆ ಇನ್ನೂ ಒಂದು ಅನುಕೂಲವಿದೆ. ಎಷ್ಟು ಪುಡಿ ಉದುರುತ್ತದೆಂಬುದು ತೋಳಿನ ಮೇಲೆಯೇ ಕಾಣುತ್ತದೆ, ನಾಳೆ ಅಷ್ಟೇ ಪುಡಿ ನಿಮ್ಮ ಕೆನ್ನೆಯ ಮೇಲೆ ಇರುತ್ತದೆ.

ಆಮೇಲೆ ತಕ್ಷಣ ಬಿಲ್ ಮಾಡಿಸದೆ, ಅಂಗಡಿಯ ಹಳದಿ ದೀಪಗಳಿಂದ ಹೊರಬಂದು ಹಗಲು ಬೆಳಕು ಬೀಳುವ ಬಾಗಿಲ ಬಳಿ ಕೈಯನ್ನು ನೋಡಿಕೊಳ್ಳಿ. ಮಾಲ್‌ನಲ್ಲಿ ಒಂದು ಸುತ್ತು ಹಾಕಿ ಬಂದ ಮೇಲೂ ಬಣ್ಣ ಹಾಗೆಯೇ ಇದ್ದರೆ ಅರ್ಧ ಕೆಲಸ ಮುಗಿದಂತೆ. ಟೆಸ್ಟರನ್ನು ಕಣ್ಣಿಗೆ ಎಂದಿಗೂ ಹಚ್ಚಿಸಿಕೊಳ್ಳಬೇಡಿ. ಉಪನಗರದ ಒಂದು ಅಂಗಡಿಯಲ್ಲಿ ಒಂದೇ ಸ್ಪಾಂಜ್ ಕಡ್ಡಿಯಿಂದ ಸಾಲು ಗಿರಾಕಿಗಳ ರೆಪ್ಪೆಗೆ ಬಣ್ಣ ಹಚ್ಚುತ್ತಿದ್ದುದನ್ನು ನೋಡಿದ ಮೇಲೆ ನಾನು ಈ ವಿಷಯದಲ್ಲಿ ಸಂಕೋಚವನ್ನೇ ಬಿಟ್ಟಿದ್ದೇನೆ.

ಇನ್ನು ಪ್ಯಾಲೆಟ್‌ಗಳ ಮಾತು. ಕಡಿಮೆ ಬಣ್ಣಗಳಿರುವ, ಎಲ್ಲವೂ ಬಳಕೆಗೆ ಬರುವ ಡಬ್ಬಿಗಳನ್ನೇ ನಾನು ಮೇಲಿಡುತ್ತೇನೆ, ಅದರಲ್ಲೂ ನತಾಶಾ ಡೆನೋನಾ ಅವರ ಮಿನಿ ಪ್ಯಾಲೆಟ್‌ಗಳನ್ನು. ಇವುಗಳಲ್ಲಿ ತಲಾ 0.8 ಗ್ರಾಂನ ಐದು ಬಣ್ಣಗಳಿವೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದುದರಿಂದ ಆಫೀಸಿನ ಬ್ಯಾಗಿಗೆ ಭಾರವಲ್ಲ. ‘ಮಿನಿ ನ್ಯೂಡ್’ನ ಮ್ಯಾಟ್ ಬಣ್ಣಗಳನ್ನು ಎಷ್ಟು ಅವಸರದಲ್ಲಿ ಹರಡಿದರೂ ತೇಪೆ ಬೀಳುವುದಿಲ್ಲ, ಮುಂಜಾನೆಯ ಫಾಸ್ಟ್ ಲೋಕಲ್ ಹಿಡಿಯುವವರಿಗೆ ಇದು ಸಣ್ಣ ಗುಣವಲ್ಲ. ಇದೇ ಕಂಪನಿಯ ಹದಿನೈದು ಬಣ್ಣಗಳ ದೊಡ್ಡ ಪ್ಯಾಲೆಟ್‌ಗಳೂ ಗುಣದಲ್ಲಿ ಕಡಿಮೆಯೇನಲ್ಲ, ಆದರೆ ಅವುಗಳ ಬೆಲೆ ಮಿನಿಯ ಹಲವು ಪಟ್ಟು. ನಮ್ಮಲ್ಲಿ ಅನೇಕರಿಗೆ ಇವು ದುಬೈ, ಕತಾರ್‌ಗಳಲ್ಲಿರುವ ಅಣ್ಣ-ಅತ್ತಿಗೆಯರು ಬರುವಾಗ ತಂದುಕೊಡುವ ಸಾಮಾನಿನ ಪಟ್ಟಿಯಲ್ಲಿ ಸಿಗುತ್ತವೆ. ಅಂಥ ಅವಕಾಶವಿದ್ದರೂ ಮಿನಿಯನ್ನೇ ತರಿಸಿಕೊಳ್ಳಿ ಎನ್ನುತ್ತೇನೆ.

ಹುಡಾ ಬ್ಯೂಟಿಯ ಒಂಬತ್ತು ಬಣ್ಣಗಳ ‘ಒಬ್ಸೆಷನ್ಸ್’ ಸರಣಿಯನ್ನು ಹೈ-ಎಂಡ್ ಎಂದು ಕರೆಯಲು ಕೆಲವರು ಒಪ್ಪಲಿಕ್ಕಿಲ್ಲ, ಏಕೆಂದರೆ ಬೆಲೆ ಫ್ರೆಂಚ್ ಡಬ್ಬಿಗಳಿಗಿಂತ ಸಾಕಷ್ಟು ಕಡಿಮೆ. ಆದರೆ ಅದರ ‘ನ್ಯೂಡ್ ಒಬ್ಸೆಷನ್ಸ್’ ಲೈಟ್, ಮೀಡಿಯಂ, ರಿಚ್ ಎಂಬ ಮೂರು ಬಗೆಗಳಲ್ಲಿ ಬಂತು. ‘ನ್ಯೂಡ್’ ಎಂದರೆ ಬಿಳಿಯರ ಮೈಬಣ್ಣವೇ ಆಗಬೇಕಿಲ್ಲ ಎಂಬುದನ್ನು ಒಪ್ಪಿಕೊಂಡು ತಯಾರಿಸಿದ ಪ್ಯಾಲೆಟ್ ಅದು. ನನ್ನಂಥ ಗೋಧಿಬಣ್ಣದವರಿಗೆ ಮೀಡಿಯಂ, ಇನ್ನೂ ಗಾಢವರ್ಣದವರಿಗೆ ರಿಚ್ ಹೊಂದುತ್ತದೆ. ರಿಚ್‌ನ ಕಾಫಿ ಕಂದು ಬಣ್ಣಗಳಿಗೆ ಸಮನಾದುದನ್ನು ಇದರ ದುಪ್ಪಟ್ಟು ಬೆಲೆಯ ಡಬ್ಬಿಗಳಲ್ಲೂ ನಾನು ಹೆಚ್ಚು ಕಂಡಿಲ್ಲ.

ಡಿಯೋರ್‌ನ ಐದು ಬಣ್ಣಗಳ ಪ್ಯಾಲೆಟ್‌ನಲ್ಲಿ ಸುಮಾರು 7 ಗ್ರಾಂ ಪುಡಿ ಇರುವುದರಿಂದ, ಬೆಲೆ ಹೆಚ್ಚಾದರೂ ಗ್ರಾಂ ಲೆಕ್ಕದಲ್ಲಿ ಇದು ಶಾನೆಲ್‌ಗಿಂತ ಎಷ್ಟೋ ಮೇಲು. ಪುಡಿಯ ಮೇಲೆ ಬಟ್ಟೆಯ ನೇಯ್ಗೆಯ ಹಾಗೆ ಒತ್ತಿರುವ ಉಬ್ಬುಚಿತ್ತಾರವನ್ನು ಮೊದಲ ಸಲ ಬ್ರಷ್‌ನಿಂದ ಅಳಿಸಲು ಮನಸ್ಸೇ ಬರುವುದಿಲ್ಲ. ಆದರೆ ಚಿತ್ತಾರಕ್ಕೆ ಮರುಳಾಗಿ ಯಾವುದೋ ಒಂದು ಬಣ್ಣಸಾಲನ್ನು ಎತ್ತಿಕೊಳ್ಳಬಾರದು; ‘649 ನ್ಯೂಡ್ ಡ್ರೆಸ್’ನಂಥ ಕಂದುಗಳ ಸಾಲು ಕಚೇರಿಗೂ ಆರತಕ್ಷತೆಗೂ ಒದಗುತ್ತದೆ. ಚಾರ್ಲೊಟ್ ಟಿಲ್ಬರಿಯ ಡಬ್ಬಿಯಲ್ಲಿ ನಾಲ್ಕು ಬಣ್ಣಗಳನ್ನು ಹಚ್ಚುವ ಅನುಕ್ರಮದಲ್ಲೇ ಜೋಡಿಸಿರುವುದು ಹೊಸಬರಿಗೆ ದೊಡ್ಡ ಉಪಕಾರ: ತಳಕ್ಕೆ ಒಂದು, ಆಕಾರಕ್ಕೆ ಒಂದು, ಹೊಗೆಯ ಛಾಯೆಗೆ ಒಂದು, ಕೊನೆಗೆ ಮಿನುಗಿಗೆ ಒಂದು. ಗಾಢ ಮೈಬಣ್ಣದವರು ಈ ಕಂಪನಿಯ ‘ಪಿಲ್ಲೋ ಟಾಕ್’ ಎಂಬ ಬಣ್ಣಸಾಲಿನ ತಿಳಿಗುಲಾಬಿಗಿಂತ ಇದೇ ಕಂಪನಿಯ ಬೆಚ್ಚನೆಯ ಕಂದು-ಬಂಗಾರದ ಸಾಲುಗಳನ್ನು ನೋಡುವುದು ಒಳ್ಳೆಯದು.

ರೇಷ್ಮೆ ಸೀರೆ ಉಡುವವರಿಗೆಂದೇ ಮಾಡಿದಂತಿರುವುದು ಅನಸ್ತೇಷಿಯಾ ಬೆವರ್ಲಿ ಹಿಲ್ಸ್‌ನ ‘ಮಾಡರ್ನ್ ರಿನೈಸಾನ್ಸ್’. 2016ರಲ್ಲಿ ಬಂದ ಈ ಪ್ಯಾಲೆಟ್‌ನಲ್ಲಿ ತಲಾ 0.7 ಗ್ರಾಂನ ಹದಿನಾಲ್ಕು ಬಣ್ಣಗಳಿವೆ, ಬಹುಪಾಲು ಮ್ಯಾಟ್. ಇಟ್ಟಿಗೆ ಕೆಂಪು, ಸಾಸಿವೆ ಹಳದಿ, ಸುಟ್ಟ ಕಿತ್ತಳೆ ಬಣ್ಣಗಳು ಕುಂಕುಮಗೆಂಪಿನ ಕಾಂಜೀವರಂಗೂ ಮುಡಿಯ ತುಂಬ ಇರುವ ಶಂಕರಪುರ ಮಲ್ಲಿಗೆಗೂ ಎಷ್ಟು ಒಪ್ಪುತ್ತವೆಂದರೆ, ಕ್ಯಾಲಿಫೋರ್ನಿಯಾದ ಯಾರೋ ನಮ್ಮ ಬಂಟರ ಮದುವೆಯೊಂದಕ್ಕೆ ಬಂದು ಹೋಗಿ ತಯಾರಿಸಿದರೋ ಎಂಬ ಅನುಮಾನ ಬರಬೇಕು. ಪುಡಿ ಬಹಳ ಮೆದು, ಬ್ರಷ್ ಗಟ್ಟಿಯಾಗಿ ಒತ್ತಿದರೆ ಏಳುತ್ತದೆ. ಹಗುರವಾಗಿ ಮುಟ್ಟಿಸಿ, ತಟ್ಟಿ, ಆಮೇಲೆ ಹಚ್ಚಬೇಕು.

ಕಂದು ಬಣ್ಣದ ನನ್ನ ನಿಯಮಕ್ಕೆ ಒಂದೇ ಒಂದು ಅಪವಾದವೆಂದರೆ ಪ್ಯಾಟ್ ಮೆಗ್ರಾತ್ ಅವರ ‘ಮದರ್‌ಶಿಪ್’ ಸರಣಿ. 2021ರಲ್ಲಿ ಬ್ರಿಟನ್ನಿನ ಡೇಮ್ ಪದವಿ ಪಡೆದ ಈ ಪ್ರಸಾಧನ ಕಲಾವಿದೆಯ ಹತ್ತು ಬಣ್ಣಗಳ ಡಬ್ಬಿ ಅಮೆರಿಕದಲ್ಲೇ 120 ಡಾಲರಿಗೂ ಹೆಚ್ಚು. ಇಲ್ಲಿ ಮಾತ್ರ ಮಿನುಗೇ ಮುಖ್ಯ: ಒಂದು ಕೋನದಿಂದ ತಾಮ್ರ, ಇನ್ನೊಂದು ಕೋನದಿಂದ ಹಸಿರು ಕಾಣುವ ಅದರ ಕೆಲವು ಬಣ್ಣಗಳಿಗೆ ಅಗ್ಗದ ಬದಲಿ ಇಲ್ಲ. ಮದುಮಗಳ ಮೇಕಪ್ಪನ್ನು ವೃತ್ತಿಯಾಗಿ ಮಾಡುವವರಿಗೆ ಆ ಖರ್ಚು ಕೆಲವೇ ಮದುವೆಗಳಲ್ಲಿ ಹುಟ್ಟುತ್ತದೆ. ಉಳಿದವರಿಗೆ ಅದು ಶೋಕೇಸಿನ ವಸ್ತು.

ಹಾಗೆಂದು ಎಲ್ಲರೂ ಪ್ಯಾಲೆಟ್ಟನ್ನೇ ಕೊಳ್ಳಬೇಕೆಂದಿಲ್ಲ. ಮ್ಯಾಕ್‌ನಲ್ಲಿ ಒಂದೊಂದೇ ಬಣ್ಣದ ರೀಫಿಲ್ ಪ್ಯಾನ್‌ಗಳನ್ನು ಆರಿಸಿ ಖಾಲಿ ಡಬ್ಬಿಯಲ್ಲಿ ಜೋಡಿಸಿಕೊಳ್ಳುವ ಪದ್ಧತಿ ಬಹುಕಾಲದಿಂದ ಇದೆ. ತಮಗೆ ಒಪ್ಪುವ ಮೂರು ಬಣ್ಣ ಯಾವುವೆಂದು ಖಚಿತವಾಗಿ ಗೊತ್ತಿರುವವರಿಗೆ ಇದಕ್ಕಿಂತ ಮಿತವ್ಯಯದ ದಾರಿಯಿಲ್ಲ.

ನಮ್ಮ ಊರಿನ ಹವೆಯ ವಿಚಾರ ಹೇಳದಿದ್ದರೆ ಈ ವಿಮರ್ಶೆ ಅರೆಬರೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲೂ ಅಕ್ಟೋಬರಿನ ಧಗೆಯಲ್ಲೂ ದಾದರ್ ಸೇತುವೆ ದಾಟುವಷ್ಟರಲ್ಲಿ ಮುಖ ಒದ್ದೆಯಾಗಿರುತ್ತದೆ. ಆಗ ಆರು ಸಾವಿರದ ಪುಡಿಯೂ ಆರುನೂರರ ಪುಡಿಯೂ ರೆಪ್ಪೆಯ ಮಡಿಕೆಯಲ್ಲಿ ಒಂದೇ ರೀತಿ ಗೆರೆಗಟ್ಟುತ್ತವೆ. ಪ್ರೈಮರ್ (ಬಣ್ಣಕ್ಕೆ ಮೊದಲು ರೆಪ್ಪೆಗೆ ಹಚ್ಚುವ ತಳಲೇಪ) ಇಲ್ಲದೆ ಯಾವ ಕಂಪನಿಯ ಭರವಸೆಯನ್ನೂ ಇಲ್ಲಿ ನಂಬುವಂತಿಲ್ಲ. ಆದ್ದರಿಂದ ಪ್ಯಾಲೆಟ್‌ಗೆಂದು ಇಟ್ಟ ಹಣದಲ್ಲಿ ಮೊದಲು ಒಳ್ಳೆಯ ಐ ಪ್ರೈಮರಿಗೆ ಒಂದು ಪಾಲು ತೆಗೆದಿಟ್ಟು, ಉಳಿದುದರಲ್ಲಿ ಬಣ್ಣ ನೋಡುವುದು ಜಾಣತನ. ಒದ್ದೆ ಅಥವಾ ಜಿಡ್ಡಿನ ಬ್ರಷ್ ತಾಗಿಸುತ್ತ ಹೋದರೆ ಪುಡಿಯ ಮೇಲೆ ಗಟ್ಟಿ ಪೊರೆ ಕಟ್ಟಿ ಬಣ್ಣ ಏಳುವುದೇ ನಿಲ್ಲುತ್ತದೆ. ಹಾಗಾದಾಗ ಪ್ಯಾಲೆಟ್ ಎಸೆಯಬೇಕಿಲ್ಲ, ಸೆಲೋಟೇಪಿನ ತುಂಡನ್ನು ಹಗುರವಾಗಿ ಅಂಟಿಸಿ ಎಳೆದರೆ ಪೊರೆ ಬರುತ್ತದೆ.

ವಿದೇಶಿ ಪ್ಯಾಲೆಟ್ ಇಲ್ಲಿ ದುಬಾರಿಯಾಗಲು ಸುಂಕವೂ ಕಾರಣ. ಮೇಕಪ್ ಸಾಮಗ್ರಿಗಳ ಜಿಎಸ್‌ಟಿ 2017ರ ನವೆಂಬರ್‌ನಲ್ಲಿ ಶೇ. 28ರಿಂದ 18ಕ್ಕೆ ಇಳಿಯಿತೇನೋ ನಿಜ, ಆದರೆ ಮರುವರ್ಷದ ಬಜೆಟ್‌ನಲ್ಲೇ ಆಮದು ಸುಂಕ ಶೇ. 10ರಿಂದ 20ಕ್ಕೆ ಏರಿತು. ಇಲ್ಲಿಯ ಮತ್ತು ಹೊರದೇಶದ ಬೆಲೆಗಳ ಈ ಅಂತರವೇ ನಕಲಿಯವರ ಬಂಡವಾಳ. ಕ್ರಾಫರ್ಡ್ ಮಾರ್ಕೆಟ್ ಸುತ್ತಲಿನ ಗಲ್ಲಿಗಳಲ್ಲಿ ಪ್ರಾಮಾಣಿಕ ಸಗಟು ವ್ಯಾಪಾರಿಗಳು ಬೇಕಾದಷ್ಟಿದ್ದಾರೆ, ಆದರೆ ‘ಫಸ್ಟ್ ಕಾಪಿ’ ಎಂದು ರಾಜಾರೋಷವಾಗಿ ಹೇಳಿ ಎಂಟುನೂರಕ್ಕೆ ಮಾರುವವರೂ ಇದ್ದಾರೆ. ಕಣ್ಣಿನ ವಿಷಯದಲ್ಲಿ ಆ ಸಾಹಸ ಬೇಡ. ಕಾನೂನುಬದ್ಧವಾಗಿ ಆಮದಾದ ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು ಮತ್ತು ವಿಳಾಸ, ಎಂಆರ್‌ಪಿ, ಆಮದು ನೋಂದಣಿ ಸಂಖ್ಯೆ ಇರುವ ಚೀಟಿ ಅಂಟಿಸಿರಲೇಬೇಕು; ಆ ಚೀಟಿ ಇಲ್ಲದಿದ್ದರೆ ರಿಯಾಯಿತಿ ಎಷ್ಟೇ ಇದ್ದರೂ ಕೆಳಗಿಟ್ಟು ಬನ್ನಿ. ಅದೇ ಪೆಟ್ಟಿಗೆಯಲ್ಲಿ ಘಟಕಗಳ ಪಟ್ಟಿಯನ್ನೂ ಓದಿ. ಸಿಐ 75470 ಎಂದಿದ್ದರೆ ಅದು ಕಾರ್ಮೈನ್, ಕೀಟದಿಂದ ತೆಗೆದ ಕೆಂಪು; ಶುದ್ಧ ಸಸ್ಯಾಹಾರದ ಮನೆಗಳವರು ಇದನ್ನು ತಿಳಿದಿರುವುದು ಒಳಿತು. ಮೈಕಾ ಎಂಬುದರ ಬದಲು ಸಿಂಥೆಟಿಕ್ ಫ್ಲೂರ್‌ಫ್ಲೊಗೊಪೈಟ್ ಎಂದಿದ್ದರೆ ಅದು ಕಾರ್ಖಾನೆಯಲ್ಲಿ ತಯಾರಿಸಿದ ಅಭ್ರಕ. ಜಾರ್ಖಂಡ್, ಬಿಹಾರದ ಅಭ್ರಕ ಗಣಿಗಳಲ್ಲಿ ಮಕ್ಕಳು ದುಡಿಯುವ ಸಂಗತಿ ಗೊತ್ತಿರುವವರು ಈ ಹೆಸರನ್ನು ಹುಡುಕಿಕೊಂಡು ಕೊಳ್ಳುತ್ತಾರೆ, ನಾನೂ ಸಾಧ್ಯವಾದಾಗಲೆಲ್ಲ ಹಾಗೆಯೇ ಮಾಡುತ್ತೇನೆ.

ಪೆಟ್ಟಿಗೆಯ ಮೇಲಿರುವ ತೆರೆದ ಡಬ್ಬಿಯ ಚಿತ್ರದೊಳಗೆ 12ಎಂ ಅಥವಾ 24ಎಂ ಎಂದು ಅಚ್ಚಾಗಿರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದೆಂದು ಅದರ ಅರ್ಥ. ಹದಿನೆಂಟು ಬಣ್ಣಗಳ ಡಬ್ಬಿಯನ್ನು ಆ ಅವಧಿಯಲ್ಲಿ ಖಾಲಿ ಮಾಡಿದ ಒಬ್ಬ ಗೃಹಸ್ಥೆಯನ್ನೂ ನಾನು ಕಂಡಿಲ್ಲ. ಬಳಸಿದ ಮೇಕಪ್ಪನ್ನು ಅಂಗಡಿಗಳು ಸಾಮಾನ್ಯವಾಗಿ ಹಿಂದಕ್ಕೆ ಪಡೆಯುವುದಿಲ್ಲ, ಮೆದುವಾದ ಪುಡಿಗಳು ಸಾಗಣೆಯಲ್ಲೇ ಬಿರುಕು ಬಿಟ್ಟಿರುವುದೂ ಉಂಟು. ಆದ್ದರಿಂದ ಹಣ ಕೊಟ್ಟ ಕೂಡಲೇ ಕೌಂಟರಿನ ಮೇಲೆಯೇ ಸೀಲ್ ಒಡೆಸಿ, ಪ್ರತಿ ಬಣ್ಣವೂ ಇಡಿಯಾಗಿದೆಯೇ ಎಂದು ನೋಡಿ, ಬಿಲ್ಲನ್ನು ಪೆಟ್ಟಿಗೆಯೊಳಗೇ ಇಟ್ಟುಕೊಂಡು ಹೊರಡಿ.