ಓಟಿ ಮಾಸ್ಟರ್ಸ್‌ಗೆ ಬೇರೆ ರಾಜ್ಯಕ್ಕೆ ಹೋಗ್ತಿದ್ದೀರಾ? ಡೆಪಾಸಿಟ್ ಕಟ್ಟೋ ಮುಂಚೆ ಓದಿ

ಅಮೆರಿಕದಲ್ಲಿ ಆಕ್ಯುಪೇಷನಲ್ ಥೆರಪಿ (ಓಟಿ, ಕಾಯಿಲೆ ಅಥವಾ ಗಾಯ ಆದವರು ದಿನನಿತ್ಯದ ಕೆಲಸ ಮಾಡ್ಕೊಳ್ಳೋಕೆ ನೆರವಾಗೋ ಚಿಕಿತ್ಸೆ) ಓದೋಕೆ ಮಕ್ಕಳನ್ನ ಬೇರೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗೆ ಕಳಿಸ್ತಿರೋ ಕನ್ನಡದ ಮನೆಯವರೇ, "ಮೊದಲ ವರ್ಷ ಔಟ್-ಆಫ್-ಸ್ಟೇಟ್ (ಹೊರರಾಜ್ಯದವರ ಹೆಚ್ಚಿನ) ಫೀ ಕಟ್ಟಿ, ಎರಡನೇ ವರ್ಷದಿಂದ ಇನ್-ಸ್ಟೇಟ್ (ಆ ರಾಜ್ಯದವರ ಕಡಿಮೆ ಫೀ) ಆಗುತ್ತೆ" ಅಂತ ಅಡ್ಮಿಷನ್‌ನವರು ಫೋನಲ್ಲಿ ಹೇಳಿದ್ರೆ ನಂಬಬೇಡಿ. ದಯವಿಟ್ಟು ನಂಬಬೇಡಿ. ನಮ್ಮ ಮಗಳಿಗೂ ಹೇಳಿದ್ದು ಇದೇ ಮಾತು, ಎಷ್ಟು ನಯವಾಗಿ ಹೇಳಿದ್ರು ಅಂತೀರಿ!

ವರ್ಷ ಕಳೆದ ಮೇಲೆ ಮನೆ ಬಾಡಿಗೆ ಕರಾರು, ಆ ರಾಜ್ಯದ ಡ್ರೈವಿಂಗ್ ಲೈಸೆನ್ಸ್, ಕಾರ್ ರಿಜಿಸ್ಟ್ರೇಷನ್, ವೋಟರ್ ನೋಂದಣಿ ಎಲ್ಲ ಜೋಡಿಸಿ ರಿಜಿಸ್ಟ್ರಾರ್ ಆಫೀಸಿಗೆ ಕೊಟ್ಟಾಯ್ತು. ಬಂದ ಉತ್ತರ ಎರಡೇ ಸಾಲು: "ಅರ್ಜಿದಾರರು ಈ ರಾಜ್ಯಕ್ಕೆ ಬಂದಿರುವ ಮುಖ್ಯ ಉದ್ದೇಶ ವಿದ್ಯಾಭ್ಯಾಸ. ಹೊರರಾಜ್ಯದ ವರ್ಗವೇ ಮುಂದುವರಿಯುತ್ತದೆ." ಅಡ್ಮಿಷನ್‌ನವರನ್ನ ಕೇಳಿದ್ರೆ, "ಅದು ನಮ್ಮ ವಿಭಾಗದ ತೀರ್ಮಾನ ಅಲ್ಲ." ಹಾಗಾದ್ರೆ ಮೊದಲು ಹೇಳಿದ್ದು ಯಾರು ಸ್ವಾಮಿ? "ಆ ಫೋನ್ ಕರೆಯ ದಾಖಲೆ ನಮ್ಮಲ್ಲಿಲ್ಲ." ಓದಿ ಮೈಯೆಲ್ಲ ಉರಿದುಹೋಯ್ತು. ನೆಂಟರಿಷ್ಟರ ಹತ್ತಿರ ಹೇಳಿಕೊಳ್ಳೋಕೂ ನಾಚಿಕೆ.

ಒಳಗಿನ ವಿಷಯ ಇಷ್ಟು. ಹೆಚ್ಚಿನ ರಾಜ್ಯಗಳಲ್ಲಿ 12 ತಿಂಗಳ ವಾಸ ಬೇಕು, ನಿಜ. ಆದರೆ ಓದೋಕೆ ಅಂತ ಬಂದು ಕಳೆದ 12 ತಿಂಗಳನ್ನ ಸಾಮಾನ್ಯವಾಗಿ ಲೆಕ್ಕಕ್ಕೆ ತಗೊಳ್ಳಲ್ಲ. ಅಪ್ಪ-ಅಮ್ಮ ಟ್ಯಾಕ್ಸ್‌ನಲ್ಲಿ ಡಿಪೆಂಡೆಂಟ್ ಅಂತ ತೋರಿಸಿದ್ರೆ ಇನ್ನೂ ಕಷ್ಟ, ಖರ್ಚು ನೋಡಿಕೊಳ್ಳೋರು ಬೇರೆ ರಾಜ್ಯದಲ್ಲಿದ್ದಾರೆ ಅಂತಾರೆ. ಬೇರೆ ಕೋರ್ಸ್ ಆಗಿದ್ರೆ ಕ್ರೆಡಿಟ್ (ಫೀ ಲೆಕ್ಕ ಹಾಕೋ ಪಾಠದ ಘಟಕ) ಕಡಿಮೆ ಮಾಡಿ, ಅಲ್ಲೇ ಕೆಲಸಕ್ಕೆ ಸೇರಿ, ಸ್ವಂತ ಕಾಲ ಮೇಲೆ ನಿಂತಿದ್ದೀನಿ ಅಂತ ತೋರಿಸಬಹುದು. ಓಟಿಯಲ್ಲಿ ಹೆಚ್ಚಿನ ಕಡೆ ಆಗಲ್ಲ. ಇಡೀ ಬ್ಯಾಚು ಪೂರ್ತಿಕಾಲ ಒಟ್ಟಿಗೇ ಸಾಗುತ್ತೆ, ಬಹಳಷ್ಟು ವಿಷಯ ವರ್ಷಕ್ಕೊಮ್ಮೆ ಮಾತ್ರ, ಒಂದು ತಪ್ಪಿದ್ರೆ ಮುಂದಿನ ವರ್ಷದವರೆಗೆ ಕಾಯಬೇಕು. ನಡುವೆ ಬೇರೆ ಕಡೆ ಟ್ರಾನ್ಸ್‌ಫರ್ ಅನ್ನೋದು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಇದು ಅವರಿಗೂ ಚೆನ್ನಾಗಿ ಗೊತ್ತು! ಕ್ರೆಡಿಟ್‌ಗೆ 500 ಡಾಲರ್ ವ್ಯತ್ಯಾಸ, 40 ಕ್ರೆಡಿಟ್ ಬಾಕಿ ಅಂದ್ರೆ ತಲೆ ಮೇಲೆ 20,000 ಡಾಲರ್.

ಇನ್ನೊಂದು ಕೇಳಿ. ಲೆವೆಲ್ 2 ಫೀಲ್ಡ್‌ವರ್ಕ್ (ಕೋರ್ಸಿನ ಕೊನೆಯ ಹಂತದ ಪೂರ್ತಿಕಾಲದ ಪ್ರಾಯೋಗಿಕ ತರಬೇತಿ) ಕನಿಷ್ಠ 24 ವಾರ ಇದೆಯಲ್ಲ, ಅದನ್ನ ನಿಮ್ಮ ಊರಿನ ಆಸ್ಪತ್ರೆಯಲ್ಲೇ, ಮನೆ ಊಟ ಮಾಡ್ಕೊಂಡೇ ಮುಗಿಸಿದರೂ ಆ ಕ್ರೆಡಿಟ್‌ಗಳಿಗೂ ಸಾಮಾನ್ಯವಾಗಿ ಔಟ್-ಆಫ್-ಸ್ಟೇಟ್ ಬಿಲ್ಲೇ ಬರುತ್ತೆ. "ಶುಲ್ಕ ವರ್ಗಕ್ಕೂ ತರಬೇತಿಯ ಸ್ಥಳಕ್ಕೂ ಸಂಬಂಧವಿಲ್ಲ" ಅಂತ ಅದಕ್ಕೂ ಒಂದು ಉತ್ತರ ಬಂತು.

ಸಾಲ ಮಾಡಿದ್ರಾಯ್ತು ಅಂತೀರಾ? 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳೋರಿಗೆ ಗ್ರ್ಯಾಡ್ ಪ್ಲಸ್ (ಓದಿನ ಪೂರ್ತಿ ಖರ್ಚಿನವರೆಗೂ ಸಿಗ್ತಿದ್ದ ಫೆಡರಲ್ ಸಾಲ) ಇಲ್ಲ. ಮಾಮೂಲಿ ಗ್ರಾಜುಯೇಟ್ ಫೆಡರಲ್ ಸಾಲದ ಮಿತಿ ವರ್ಷಕ್ಕೆ 20,500 ಡಾಲರ್. ಹೊರರಾಜ್ಯದ ಫೀ ಮೇಲೆ ಬಾಡಿಗೆನೂ ಸೇರಿದ್ರೆ ಎಲ್ಲಿಗೆ ಸಾಲುತ್ತೆ? ಎಚ್-4 (ಕೆಲಸದ ವೀಸಾದವರ ಕುಟುಂಬದವರ ವೀಸಾ), ಎಫ್-1 (ವಿದ್ಯಾರ್ಥಿ ವೀಸಾ) ಮೇಲಿರೋರಿಗೆ ಫೆಡರಲ್ ಸಾಲನೇ ಸಿಗಲ್ಲ. ಎಫ್-1ನವರು ಇನ್-ಸ್ಟೇಟ್ ಆಸೆಯನ್ನೂ ಬಿಡೋದೇ ವಾಸಿ. ಎಚ್-4ಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ನಿಯಮ.

ಓಟಿಕ್ಯಾಸ್‌ನಲ್ಲಿ (ಓಟಿ ಕೋರ್ಸ್‌ಗಳಿಗೆ ಆನ್‌ಲೈನ್ ಅರ್ಜಿ ಹಾಕೋ ವ್ಯವಸ್ಥೆ) ಅರ್ಜಿ ಫೀ ಕಟ್ಟೋ ಮುಂಚೆಯೇ ರೆಸಿಡೆನ್ಸಿ (ಯಾವ ರಾಜ್ಯದವರು ಅನ್ನೋದು) ನೋಡೋ ಆಫೀಸಿಗೆ ಮೇಲ್ ಹಾಕಿ. ಅಡ್ಮಿಷನ್‌ಗಲ್ಲ, ರೆಸಿಡೆನ್ಸಿ ಆಫೀಸಿಗೆ. "ಈ ಕೋರ್ಸಿನಲ್ಲಿ ಪೂರ್ತಿಕಾಲ ಓದ್ತಾ ಇರುವಾಗಲೇ ಯಾರಿಗಾದ್ರೂ ವರ್ಗ ಬದಲಾಗಿದೆಯಾ?" ಅಂತ ನೇರವಾಗಿ ಕೇಳಿ, ಬರಹದಲ್ಲೇ ಉತ್ತರ ತರಿಸ್ಕೊಳ್ಳಿ. ಹೊರರಾಜ್ಯದವರಿಗೆ ಎಷ್ಟು ಸೀಟು ಅಂತಲೂ ಕೇಳಿ. ಕೋರ್ಸಿಗೆ ಅಕೋಟ್ (ಓಟಿ ಕೋರ್ಸ್‌ಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಮಾನ್ಯತೆ ಯಾವ ಹಂತದಲ್ಲಿದೆ ನೋಡಿ, ಅದಿಲ್ಲದ ಕೋರ್ಸ್ ಮುಗಿಸಿದ್ರೆ ಎನ್‌ಬಿಸಿಒಟಿ ಪರೀಕ್ಷೆಗೆ (ಓಟಿ ಆಗಿ ಕೆಲಸ ಮಾಡೋಕೆ ಬೇಕಾದ ರಾಷ್ಟ್ರೀಯ ಪರೀಕ್ಷೆ) ಕೂರಿಸಲ್ಲ. ಪಶ್ಚಿಮದ ರಾಜ್ಯಗಳಲ್ಲಿದ್ರೆ ಆ ಕೋರ್ಸ್ ವೈಚೆಯ (ಪಶ್ಚಿಮ ರಾಜ್ಯಗಳ ಉನ್ನತ ಶಿಕ್ಷಣ ಒಕ್ಕೂಟ) ಗ್ರಾಜುಯೇಟ್ ರಿಯಾಯಿತಿ ಯೋಜನೆಯಲ್ಲಿದೆಯಾ ವಿಚಾರಿಸಿ. ಇದ್ದರೆ ಹೊರರಾಜ್ಯದ ಪೂರ್ತಿ ಫೀ ಕಟ್ಟಬೇಕಿಲ್ಲ. ಇದನ್ನ ನಮಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ರೆ ಮೇಲ್ಮನವಿ ಗಡುವನ್ನ ಇವತ್ತೇ ನೋಡಿ. ಬಹಳ ಕಡೆ ಟರ್ಮ್ ಶುರುವಾಗೋ ಆಸುಪಾಸಿಗೇ ಅದು ಮುಗಿದುಹೋಗಿರುತ್ತೆ. ಆಮೇಲೆ ನೀವು ಗೆದ್ದರೂ ಹಿಂದಿನ ಟರ್ಮಿನ ದುಡ್ಡು ವಾಪಸ್ ಬರೋದು ಅನುಮಾನವೇ.