ಕೆಂಪು ಕೋಟಾ, ಖಾಕಿಯಾ?

ಬ್ರಿಟಿಷ್ ಸಿಪಾಯಿ ಗೊಂಬೆಗೆ ಬಣ್ಣ ಹಚ್ಚಬೇಕು, 1879ರ ಜುಲು ಯುದ್ಧದ್ದು ಮಾಡಲಾ, 1899ರ ಬೋಯರ್ ಯುದ್ಧದ್ದು ಮಾಡಲಾ ಎಂದು ಕೇಳಿದ್ದೀರಿ. ಎರಡೂ ದಕ್ಷಿಣ ಆಫ್ರಿಕಾದಲ್ಲಿ ನಡೆದವು: ಮೊದಲನೆಯದು ಅಲ್ಲಿನ ಜುಲು ಜನರ ಜೊತೆ, ಎರಡನೆಯದು ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರ ಜೊತೆ.

ಕಣ್ಣಿಗೆ ಹೊಡೆಯುವುದು ಜುಲು ಯುದ್ಧದ ಕೆಂಪು ಕೋಟೇ. ಆದರೆ ಕೆಲಸ ಜಾಸ್ತಿ. ಕಾಲರಿಗೆ ರೆಜಿಮೆಂಟಿನ ಬಣ್ಣ ಬೇರೆ, ಮೈಮೇಲೆ ಬಿಳಿ ಚರ್ಮದ ಪಟ್ಟಿಗಳು ಬೇರೆ. ಹೆಲ್ಮೆಟ್ಟನ್ನು ಮಾತ್ರ ಅಚ್ಚ ಬಿಳಿ ಮಾಡಬೇಡಿ. ದೂರಕ್ಕೆ ಕಾಣದಿರಲಿ ಅಂತ ಸಿಪಾಯಿಗಳೇ ಅದಕ್ಕೆ ಚಹಾ ಬಳಿದು ಕಂದು ಮಾಡಿಕೊಳ್ಳುತ್ತಿದ್ದರು. ಬೋಯರ್ ಯುದ್ಧದ ಖಾಕಿಗಾದರೆ ಒಂದೇ ಬಣ್ಣ, ಮೇಲಿಷ್ಟು ಧೂಳು. ಮೊದಲ ಸಲ ಬ್ರಷ್ ಹಿಡಿದವರಿಗೆ ಸುಲಭ.

ಬಂದೂಕಿನ ವಿಷಯ. ಜುಲು ಯುದ್ಧದ ಸಿಪಾಯಿಯ ಮಾರ್ಟಿನಿ-ಹೆನ್ರಿ ಬಂದೂಕಿಗೆ ಸಲಕ್ಕೆ ಒಂದೇ ಗುಂಡು, ಜೊತೆಗೆ ದಟ್ಟ ಹೊಗೆ. ಹತ್ತಿ ಅಂಟಿಸಿ ಹೊಗೆ ತೋರಿಸುವ ಆಸೆ ಇದ್ದರೆ ಇದೇ ಸರಿ. 1899ರ ಹೊತ್ತಿಗೆ ಬಂದ ಲೀ-ಮೆಟ್‌ಫೋರ್ಡ್ ಬಂದೂಕಿಗೆ ಹತ್ತು ಗುಂಡಿನ ಮ್ಯಾಗಜಿನ್, ಹೊಗೆಯಿಲ್ಲದ ಮದ್ದು. ಅಲ್ಲಿ ಹತ್ತಿ ಇಟ್ಟರೆ ತಪ್ಪಾಗುತ್ತೆ, ಅಲ್ವಾ?

ಎದುರಾಳಿಗಳೂ ಬೇಕೆಂದರೆ ಬೋಯರರು ಬೇಗ ಮುಗಿಯುತ್ತಾರೆ. ಹೆಚ್ಚಿನವರಿಗೆ ಸಮವಸ್ತ್ರವೇ ಇರಲಿಲ್ಲ. ದಿನನಿತ್ಯದ ಬಟ್ಟೆ, ಅಗಲ ಅಂಚಿನ ಹ್ಯಾಟು, ಎದೆಗೆ ಅಡ್ಡವಾಗಿ ಗುಂಡಿನ ಪಟ್ಟಿ, ಕೈಯಲ್ಲಿ ಮೌಸರ್ ಬಂದೂಕು. ಜುಲು ಯೋಧರ ದನದ ಚರ್ಮದ ಗುರಾಣಿಗಳಲ್ಲಿ ಒಂದರ ಮಚ್ಚೆ ಇನ್ನೊಂದಕ್ಕಿಲ್ಲ. ಸಂಜೆಗಳೆಲ್ಲ ಅದಕ್ಕೇ ಹೋಗುತ್ತವೆ.